ಸಾಮಾನಿಗೆ ಎರಡು, ಜನಕ್ಕೆ ಮೂರು

ನಾನು ಗಣಿ ಇಂಜಿನಿಯರ್ ಆಗುತ್ತೇನೆ ಎಂದಾಗ ಅಮ್ಮ ನಕ್ಕಳು. ಸುಮ್ಮನೆ ನಗಲಿಲ್ಲ. ಒಲೆಯ ಮೇಲಿನ ಚಹಾ ಉಕ್ಕಿ ಬೆಂಕಿ ಆರುವವರೆಗೆ ನಕ್ಕಳು. ಅವಳನ್ನು ನೋಡಿ ನನಗೂ ನಗು ಬಂತು. ನಮ್ಮಿಬ್ಬರನ್ನು ನೋಡಿ ಬುತ್ತಿಯತ್ತೆಗೂ ಬಂತು. ನಮ್ಮದು ಒಂದೇ ಕೋಣೆಯ ಮನೆ. ಒಬ್ಬರು ನಕ್ಕರೆ ಉಳಿದವರು ತಪ್ಪಿಸಿಕೊಂಡು ಹೋಗಲು ಜಾಗವಿಲ್ಲ.

"ಗಣಿ ಒಳಗೆ ಹೆಂಗಸು ಕಾಲಿಟ್ಟಿದ್ದು ಎಲ್ಲಾದ್ರೂ ಉಂಟೇನೇ?" ಅಮ್ಮ ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

"ಇಲ್ಲ. ಅದಕ್ಕೇ ಆ ಜಾಗ ಖಾಲಿ ಇದೆ" ಎಂದೆ.

ಅಪ್ಪ ಮಾತ್ರ ನಗಲಿಲ್ಲ. ಬಾಗಿಲ ಹತ್ತಿರ ಕೂತು ಬೂಟಿನ ಕೆಸರು ಕೆರೆಯುತ್ತಿದ್ದ.

"ಬೇರೆ ಏನಾದ್ರೂ ಓದು ಮಗಳೇ. ಕಂಪ್ಯೂಟರ್ ಓದು. ಕೂತ್ಕೊಂಡು ಮಾಡೋ ಕೆಲಸ."

"ಅಮ್ಮಾನೂ ಕೂತ್ಕೊಂಡೇ ಮಾಡೋದು ಅಪ್ಪಾ."

ಬೂಟು ಕೆರೆಯುವ ಸದ್ದು ಜೋರಾಯಿತು.

ಅಮ್ಮನ ಕೂತು ಮಾಡುವ ಕೆಲಸ ಏನೆಂದು ಹೇಳುತ್ತೇನೆ. ಗಣಿಯ ಬಾಯಿಗೆ ಅಂಟಿಕೊಂಡ ಹಾಗೆ ಒಂದು ಶೆಡ್ಡು ಇದೆ. ಕೆಳಗಿನಿಂದ ಬಂದ ಕಲ್ಲು ಅಲ್ಲಿನ ನೀರಿನ ತೊಟ್ಟಿಗೆ ಬೀಳುತ್ತದೆ. ಹೆಂಗಸರು ಅದನ್ನು ನೀರಿನಿಂದ ಎತ್ತಬೇಕು, ಉಜ್ಜಬೇಕು, ಸುತ್ತಿಗೆಯಿಂದ ಒಡೆಯಬೇಕು. ಅದಿರು ಒಂದು ಕಡೆ, ಬರಡು ಕಲ್ಲು ಇನ್ನೊಂದು ಕಡೆ. ಬೆಳಗಿನಿಂದ ಸಂಜೆಯವರೆಗೆ ಇಷ್ಟೇ. ಅಮ್ಮನ ಬಲಗೈ ಹೆಬ್ಬೆರಳಿನ ಉಗುರು ನಾನು ಹುಟ್ಟುವ ಮೊದಲೇ ಹೋಗಿದೆ. ಬೆರಳ ತುದಿಯ ಚರ್ಮ ಸವೆದು ಸವೆದು ಬಿಸಿ ಲೋಟ ಹಿಡಿದರೆ ಕಾವು ನೇರ ಮೂಳೆಗೆ ತಾಗುತ್ತದಂತೆ. ಇಷ್ಟು ವರ್ಷ ಕೈಗೆ ಬಂದ ಆ ಕಲ್ಲು ಇದ್ದ ಜಾಗ ಎಂಥದ್ದು ಎಂದು ಅವಳು ಒಂದು ದಿನವೂ ನೋಡಿಲ್ಲ. ನೋಡುವ ಹಾಗಿಲ್ಲ. ಹೆಂಗಸು ಇಳಿದರೆ ಗಣಿ ಕುಸಿಯುತ್ತದೆ. ಇಳಿಯುವುದಿರಲಿ, ಇಳಿಯಲು ಹೊರಟ ಗಂಡಸಿಗೆ ಗಣಿ ಬಾಯಲ್ಲಿ ಹೆಂಗಸಿನ ಮುಖ ಕಂಡರೂ ಸಾಕು, ಅವನು ಅಂದು ಕೆಲಸ ಬಿಟ್ಟು ಮನೆಗೆ ಹೋಗಬೇಕು. ಅವನ ಆ ದಿನದ ಕೂಲಿ ಹೋಯಿತು, ಆ ಹೆಂಗಸಿನ ಕೂಲಿಯೂ ಕಡಿತ.

ಅದಕ್ಕೇ ಶೆಡ್ಡಿನ ಮುಂದೆ ತಗಡಿನ ಮರೆ ಕಟ್ಟಿದ್ದಾರೆ. ಸೈರನ್ ಕೂಗಿದ ಕೂಡಲೇ ಹೆಂಗಸರೆಲ್ಲ ಸುತ್ತಿಗೆ ಕೆಳಗಿಟ್ಟು ತಗಡಿನ ಹಿಂದೆ ಕುಕ್ಕರಗಾಲಲ್ಲಿ ಕೂರಬೇಕು. ಕಂಪನಿ ತಗಡಿನಲ್ಲೂ ಉಳಿತಾಯ ಮಾಡಿದೆ. ಎದೆಯ ಎತ್ತರಕ್ಕಷ್ಟೇ ಇದೆ, ನಿಂತರೆ ತಲೆ ಕಾಣುತ್ತದೆ. ಶಿಫ್ಟು ಪೂರ್ತಿ ಇಳಿಯುವವರೆಗೆ ಮಂಡಿ ಮಡಚಿಯೇ ಇರಬೇಕು. ಬಸುರಿಯಾದರೂ ಅಷ್ಟೇ, ಮಂಡಿ ಊದಿದ ಮುದುಕಿಯಾದರೂ ಅಷ್ಟೇ. ಎದ್ದಾಗ ಕಾಲು ಮರಗಟ್ಟಿ ಒಬ್ಬರ ಹೆಗಲು ಒಬ್ಬರು ಹಿಡಿದುಕೊಳ್ಳುತ್ತಾರೆ.

ಕೆಳಗೂ ಉಳಿತಾಯವೇ. ತಗಡು ನೆಲ ಮುಟ್ಟುವುದಿಲ್ಲ. ಒಂದು ಗೇಣು ಸಂದಿ. ಆ ಸಂದಿಯಲ್ಲಿ ಊರಿನ ಗಂಡಸರ ಬೂಟುಗಳೆಲ್ಲ ಮೆರವಣಿಗೆ ಹೋಗುತ್ತವೆ. ನಮ್ಮ ಹೆಂಗಸರು ಸುಮ್ಮನಿರುತ್ತಾರೆಯೇ? ಪ್ರತಿ ಜೋಡಿಗೂ ಒಂದೊಂದು ಹೆಸರು. ಬಾಯಿಬಿಟ್ಟವನು. ಹಗ್ಗದ ಲೇಸು. ಬಾತುಕೋಳಿ. ಎರಡೂ ಎಡಗಾಲು. ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಾರೆ. ಅಮ್ಮ ಅಪ್ಪನನ್ನು ಮೊದಲು ಮೆಚ್ಚಿದ್ದೂ ಬೂಟು ನೋಡಿಯೇ. ಮುಖ ಆಮೇಲೆ ನೋಡಿದಳು. "ಬೂಟೇ ಚೆನ್ನಾಗಿತ್ತು" ಎನ್ನುತ್ತಾಳೆ ಈಗಲೂ, ಅವನು ಕೇಳಿಸಿಕೊಳ್ಳುವ ಹಾಗೆ.

ನನಗೆ ಅರ್ಥವಾಗದ್ದು ಇಷ್ಟೇ. ಬೆಳಗ್ಗೆ ಇದೇ ಹೆಂಗಸು ಇದೇ ಮುಖ ಹೊತ್ತು ಇದೇ ಗಂಡಸಿಗೆ ಚಹಾ ಕೊಟ್ಟು ಕಳಿಸಿರುತ್ತಾಳೆ. ಆಗ ಗಣಿ ಕುಸಿಯುವುದಿಲ್ಲ. ಮನೆಯಿಂದ ಗಣಿ ಬಾಯಿಗೆ ನಡೆದು ಬರುವಷ್ಟರಲ್ಲಿ ಆ ಮುಖಕ್ಕೆ ಅದೇನು ಬಲ ಬಂದುಬಿಡುತ್ತದೋ! ಅಷ್ಟು ಬಲವಿದ್ದರೆ ನಮ್ಮ ಹೆಂಗಸರು ಕಲ್ಲು ಒಡೆಯಲು ಸುತ್ತಿಗೆ ಯಾಕೆ ಹಿಡಿಯಬೇಕು? ಸುಮ್ಮನೆ ನೋಡಿದರೆ ಸಾಕಲ್ಲ, ಪುಡಿಯಾಗುತ್ತಿತ್ತು. ಇದನ್ನು ನಾನು ಶಾಲೆಯಲ್ಲಿ ಮೇಷ್ಟರ ಎದುರು ಹೇಳಿ ಒಂದು ಗಂಟೆ ಹೊರಗೆ ನಿಂತಿದ್ದೆ. ಹೊರಗೆ ನಿಂತೂ ನಗುತ್ತಿದ್ದೆ.

ಇನ್ನು ಅಪ್ಪನ ಕೆಲಸ. ಅವನು ಗಣಿ ಬಾಯಲ್ಲಿ ಗಂಟೆಯವನು. ಇಳಿಯುವುದಕ್ಕೆ ಕಬ್ಬಿಣದ ಸರಳುಗಳ ಲಿಫ್ಟು ಇದೆ, ನಮ್ಮವರ ಬಾಯಲ್ಲಿ ಅದು ಕೇಜು. ಅದನ್ನು ಇಳಿಸಿ ಏರಿಸುವ ಇಂಜಿನ್ ದೂರದ ಇನ್ನೊಂದು ಕಟ್ಟಡದಲ್ಲಿದೆ. ಅಲ್ಲಿನವನಿಗೆ ಕೇಜು ಕಾಣುವುದಿಲ್ಲ, ಅದರೊಳಗೆ ಏನಿದೆ ಎಂದು ಗೊತ್ತಾಗುವುದೂ ಇಲ್ಲ. ಗಂಟೆ ಕೇಳಿಯೇ ಅವನು ಹಿಡಿ ತಿರುಗಿಸಬೇಕು. ಎರಡು ಏಟು ಹೊಡೆದರೆ ಸಾಮಾನು. ಮೂರು ಏಟು ಹೊಡೆದರೆ ಜನ. ಜನಕ್ಕೆ ಕೇಜು ನಿಧಾನ ಇಳಿಯುತ್ತದೆ, ತಳದಲ್ಲಿ ಮೆತ್ತಗೆ ಕೂರುತ್ತದೆ. ಸಾಮಾನಿಗೆ ಧಡಾರನೆ ಬಿಡುತ್ತಾನೆ. ಮರದ ದಿಮ್ಮಿಗೆ ಹೊಟ್ಟೆ ತೊಳಸುವುದಿಲ್ಲವಲ್ಲ. ಮೇಲೊಬ್ಬ ಗಂಟೆಯವನು, ತಳದಲ್ಲೊಬ್ಬ. ಗಣಿಯಲ್ಲಿ ಸತ್ತವರನ್ನು ಮೇಲೆ ಕಳಿಸುವಾಗ ತಳದವನು ಹೊಡೆಯುವುದು ಎರಡು.

ಬುತ್ತಿಯತ್ತೆಗೆ ಆ ಕೊನೆಯ ಲೆಕ್ಕ ಗೊತ್ತಿರಲಿಲ್ಲ.

ಅತ್ತೆ ಅಪ್ಪನ ಅಕ್ಕ. ನಾನು ಅಮ್ಮನ ಬೆನ್ನ ಮೇಲಿದ್ದ ಕಾಲದ ಮಾತು. ಒಂದು ಬೆಳಗ್ಗೆ ಮಾವ ಬುತ್ತಿ ಮರೆತು ಹೋಗಿದ್ದ. ಅತ್ತೆ ಡಬ್ಬಿ ಹಿಡಿದು ಓಡಿದಳು. ಹಸಿದುಕೊಂಡು ಕಲ್ಲು ಕೊರೆಯುತ್ತಾನಲ್ಲ ಎಂಬುದಷ್ಟೇ ತಲೆಯಲ್ಲಿ. ತಗಡು ದಾಟಿ, ಗಣಿ ಬಾಯಿಗೇ ಹೋದಳು. ಕೇಜಿನ ಬಾಗಿಲು ಹಾಕಿಯಾಗಿತ್ತು. ಮಾವ ಸರಳಿನ ನಡುವಿನಿಂದ ಕೈ ಬೀಸಿದ. ಕೇಜು ಇಳಿಯಿತು. ಅತ್ತೆ ಡಬ್ಬಿ ಹಿಡಿದು ವಾಪಸು ಬಂದಳು.

ಮಧ್ಯಾಹ್ನ ಸುರಂಗದ ಚಾವಣಿ ಕುಸಿಯಿತು. ಸೈರನ್ ಕೂಗಿತು. ಹೆಂಗಸರೆಲ್ಲ ಗಣಿಯ ಬೇಲಿಗೆ ಅಂಟಿ ನಿಂತರು. ತಳದಿಂದ ಗಂಟೆ ಕೇಳಿಸಿತು. ಎರಡು. ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು ಪಕ್ಕದಲ್ಲಿದ್ದ ಅಮ್ಮನಿಗೆ ಹೇಳಿದಳಂತೆ: "ಸದ್ಯ, ಸಾಮಾನು ಬರ್ತಿದೆ."

ಕೇಜಿನ ಬಾಗಿಲು ತೆರೆದವನು ಅಪ್ಪ.

ಚಾವಣಿಗೆ ಆಸರೆಯಾಗಿ ನಿಲ್ಲಿಸಿದ್ದ ಮರದ ಕಂಬಗಳನ್ನು ಹಿಂದಿನ ವಾರ ಕಿತ್ತು ಇನ್ನೊಂದು ಸುರಂಗಕ್ಕೆ ಒಯ್ದಿದ್ದರು. ಹೊಸ ಮರ ತರಿಸುವ ಖರ್ಚು ಯಾಕೆ ಎಂದು. ಇದು ಎಲ್ಲರಿಗೂ ಗೊತ್ತಿತ್ತು. ಆದರೆ ಎಲ್ಲರೂ ಆಡಿದ್ದು ಅತ್ತೆಯ ಮುಖದ ಮಾತು. ಕಂಬ ಕಿತ್ತವರ ಮುಖವನ್ನು ಯಾರೂ ನೋಡಲಿಲ್ಲ. ಮುಖ ತೋರಿಸಿದವಳಿಗೆ ಪರಿಹಾರ ಎಂಥದ್ದು ಎಂದರು. ದಯೆ ಎಂದು ಕಲ್ಲು ಆರಿಸುವ ಕೆಲಸ ಕೊಟ್ಟರು. ಬುತ್ತಿಯವಳು, ಬುತ್ತಿಯವಳು ಎಂದು ಬೆನ್ನ ಹಿಂದೆ ಕರೆದರು. ಮಾತು ಕಲಿಯುತ್ತಿದ್ದ ನಾನು ಅದರ ತುದಿಗೆ ಅತ್ತೆ ಸೇರಿಸಿದೆ. ಅವಳು ನಕ್ಕಳಂತೆ. ಆ ಹೆಸರೇ ನಿಂತಿತು. ಆ ಡಬ್ಬಿಯೂ ನಿಂತಿತು. ಮೂಲೆ ತಗ್ಗಾದ ಅದೇ ಡಬ್ಬಿಯಲ್ಲಿ ಅವಳು ದಿನಾ ತನ್ನ ಊಟ ಒಯ್ಯುತ್ತಾಳೆ. ಅತ್ತೆ ಅತ್ತದ್ದನ್ನು ನಾನು ನೋಡಿಲ್ಲ. ಅವಳ ನಗು ನೋಡಿದರೇ ಸಾಕು, ಅಳುವಾಗ ಹೇಗಿರುತ್ತಾಳೆ ಎಂದು ಗೊತ್ತಾಗುತ್ತದೆ.

ಬುದ್ಧಿ ಬಂದ ಮೇಲೆ ಒಮ್ಮೆ ಅಪ್ಪನನ್ನು ಕೇಳಿದ್ದೆ.

"ಕಂಬ ಎಲ್ಲಿ ನಿಲ್ಲಬೇಕು ಅಂತ ಹೇಳೋರು ಯಾರಪ್ಪಾ?"

"ಇಂಜಿನಿಯರ್ರು."

"ಕೀಳಬೇಡಿ ಅಂತ ಹೇಳೋರು?"

"ಅದೂ ಇಂಜಿನಿಯರ್ರೇ. ಹೇಳಿದ್ರೆ."

ಸರಿ, ಹೇಳುವವಳು ನಾನಾಗುತ್ತೇನೆ ಎಂದುಕೊಂಡೆ. ಇಷ್ಟೇ ನನ್ನ ತೀರ್ಮಾನದ ಕಥೆ. ಬಂಧುಬಳಗದವರು ನರ್ಸ್ ಆಗು ಎಂದರು, ಟೀಚರ್ ಆಗು ಎಂದರು, ಬ್ಯಾಂಕಿನಲ್ಲಿ ತಂಪಾಗಿರುತ್ತದೆ ಎಂದರು. ಗಣಿಯೊಳಗೆ ಅದಕ್ಕಿಂತ ತಂಪು ಎಂದೆ.

ಗಣಿ ಕಾಲೇಜಿನಲ್ಲಿ ಕಾರ್ಮಿಕರ ಮಕ್ಕಳಿಗೆ ಒಂದು ಸೀಟು ಇತ್ತು. ಪರೀಕ್ಷೆಯಲ್ಲಿ ನಾನೇ ಮೊದಲು ಬಂದೆ. ನನ್ನ ಹಿಂದೆ ಮೇಸ್ತ್ರಿಯ ಮಗ. ಆದರೆ ಸೀಟು ಕೈಗೆ ಬರಬೇಕಾದರೆ ಒಂದು ಸಲ ಗಣಿಗೆ ಇಳಿದು ತೋರಿಸಬೇಕು. ಕತ್ತಲೆಗೆ ಹೆದರುವವರು ಓದು ಶುರುವಾಗುವ ಮೊದಲೇ ಉದುರಿಹೋಗಲಿ ಎಂದು ಈ ಪದ್ಧತಿ. ಕಾಲೇಜಿನಿಂದ ಮೇಷ್ಟರೊಬ್ಬರು ಬಂದು ಜೊತೆಗೆ ಇಳಿಯುತ್ತಾರೆ. ಗೊತ್ತು ಮಾಡಿದ ದಿನ ಇಳಿಯದಿದ್ದರೆ ಸೀಟು ಎರಡನೆಯವನಿಗೆ.

ಆ ವಾರ ನಾನು ಭೂಮಿಯ ಮೇಲೆ ಇರಲಿಲ್ಲ. ಅಪ್ಪನ ಹಳೆಯ ಹೆಲ್ಮೆಟ್ ಹಾಕಿಕೊಂಡು ಪಾತ್ರೆ ತೊಳೆದೆ. ಹೆಲ್ಮೆಟ್ ಹಾಕಿಕೊಂಡೇ ಅಂಗಡಿಗೆ ಹೋದೆ. ಅಪ್ಪನ ಬೂಟಿನ ತುದಿಗೆ ಬಟ್ಟೆ ತುರುಕಿ ಕೋಣೆಯಲ್ಲಿ ದಡಬಡ ನಡೆದೆ. ಕೆಳಮನೆಯವರು ಕೋಲಿನಿಂದ ಚಾವಣಿ ಕುಟ್ಟಿದರು. "ಕುಸೀತಾ?" ಎಂದು ಅತ್ತೆ ಮೇಲಿನಿಂದಲೇ ಕೇಳಿದಳು. ಅಮ್ಮ ಅಪ್ಪನ ಪ್ಯಾಂಟನ್ನು ನನ್ನ ಅಳತೆಗೆ ಕತ್ತರಿಸಿ ಹೊಲಿದಳು. ಹೊಲಿಯುತ್ತ, "ಬಿಡ್ತಾರೇನೇ? ನಿಜಕ್ಕೂ ಬಿಡ್ತಾರಾ?" ಎಂದು ಕೇಳುತ್ತಲೇ ಇದ್ದಳು. ನಿಯಮದಲ್ಲಿ ಹೆಂಗಸು ಇಳಿಯಬಾರದು ಎಂದು ಎಲ್ಲೂ ಇಲ್ಲ ಎಂದೆ. ತಗಡು ಕಟ್ಟಬೇಕು ಅಂತಾನೂ ನಿಯಮದಲ್ಲಿ ಎಲ್ಲೂ ಇಲ್ಲ ಎಂದಳು ಅಮ್ಮ. ನನಗೆ ಅದಕ್ಕೂ ನಗು ಬಂತು. ಆ ವಾರ ನನಗೆ ಯಾವುದಕ್ಕೆ ಬೇಕಾದರೂ ನಗು ಬರುತ್ತಿತ್ತು.

ಆ ದಿನ ಬಂತು. ಬೆಳಗ್ಗೆಯೇ ಮೇಸ್ತ್ರಿಯ ಮಗನನ್ನು ಇಳಿಸಿದರು, ಬೇಕಾದೀತು ಎಂದು. ಅಪ್ಪ ಮೂರು ಏಟು ಹೊಡೆದ. ಅವನು ವಾಪಸು ಬಂದಾಗ ಮುಖ ಸುಣ್ಣ ಬಳಿದ ಹಾಗಿತ್ತು. ಕೇಜಿನಿಂದ ಇಳಿದವನೇ ಪಕ್ಕಕ್ಕೆ ಹೋಗಿ ವಾಂತಿ ಮಾಡಿಕೊಂಡ. ಆದರೂ ಅವನಿಗೆ ಹೋಗಲೂ ಮೂರು, ಬರಲೂ ಮೂರು. ವಾಂತಿ ಮಾಡಿಕೊಂಡರೂ ಅವನು ಜನ.

ನನ್ನ ಸರದಿ ಶಿಫ್ಟು ಇಳಿಯುವ ಹೊತ್ತಿಗೇ ಇತ್ತು. ಸೈರನ್ ಕೂಗಿತು. ಹೆಂಗಸರು ತಗಡಿನ ಹಿಂದೆ ಕೂತರು. ಅಮ್ಮ, ಅತ್ತೆ, ಎಲ್ಲರೂ. ಗಂಡಸರು ಹೆಲ್ಮೆಟ್ಟು, ಊಟದ ಡಬ್ಬಿ ಹಿಡಿದು ಸಾಲಾಗಿ ನಿಂತಿದ್ದರು. ನನ್ನನ್ನು ಗಣಿ ಬಾಯಿಗೆ ಕರೆತರುವಾಗ ಮ್ಯಾನೇಜರ್ ನನ್ನ ತಲೆಗೆ ಹೆಲ್ಮೆಟ್ಟಿನ ಮೇಲೊಂದು ಗೋಣಿಬಟ್ಟೆ ಇಳಿಬಿಡಿಸಿದ್ದ. ಮುಖ ಕಾಣಬಾರದಲ್ಲ. ಗೋಣಿಯ ತೂತಿನಿಂದ ನನಗೆ ಎಲ್ಲರೂ ಕಾಣುತ್ತಿದ್ದರು. ಒಳಗೊಳಗೇ ಖುಷಿಯೋ ಖುಷಿ. ಇನ್ನೇನು ಇಳಿಯುತ್ತೇನಲ್ಲ.

ಮ್ಯಾನೇಜರ್ ಒಳ್ಳೆಯ ಮಾತಿನವನು. ಬೈಯುವಾಗಲೂ ಬಹುವಚನ.

"ನೋಡಿಮ್ಮಾ, ನಾನು ನಿಮ್ಮ ಪರವಾಗಿ ಯೋಚನೆ ಮಾಡಿದೀನಿ" ಎಂದ. "ಹೆಂಗಸು ಇಳಿದಳು ಅಂದ್ರೆ ನಾಳೆಯಿಂದ ಜನ ಕೆಳಗೆ ಹೋಗಲ್ಲ ಅಂತಾರೆ. ನಿಮ್ಮ ಸೀಟೂ ಹೋಗಬಾರದು. ಅಲ್ಲಿ ಕಂಬದ ಮರ ಇಳಿಸೋ ಟಬ್ಬು ಇದೆ. ಅದ್ರಲ್ಲಿ ಕೂತ್ಕೊಳ್ಳಿ. ಮೇಲೆ ಟಾರ್ಪಾಲ್ ಹೊದಿಸ್ತೀವಿ. ಎರಡು ಗಂಟೆ ಹೊಡೀತೀವಿ. ಸಾಮಾನು ಇಳಿದ ಹಾಗಾಯ್ತು. ಹೆಂಗಸು ಇಳಿದ ಹಾಗಾಗಲಿಲ್ಲ. ನೀವೂ ಇಳಿದ ಹಾಗಾಯ್ತು. ಹೆಂಗೆ?"

ತನ್ನ ಜಾಣತನಕ್ಕೆ ತಾನೇ ತಲೆದೂಗಿದ. ಕಾಲೇಜಿನ ಮೇಷ್ಟರು ಬೆವರು ಒರೆಸಿಕೊಂಡರು. ಅವರಿಗೆ ಎರಡನೆಯ ಸಲ ಇಳಿಯುವುದೇ ದೊಡ್ಡ ಸಂಕಟ. "ಇಳಿದ್ರೆ ಆಯ್ತು. ಹೇಗೆ ಇಳಿದ್ರು ಅಂತ ಕೇಳಲ್ಲ" ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಗೋಣಿಯೊಳಗಿನಿಂದಲೇ ಕೇಳಿದೆ:

"ತೂಕ ಹಾಕ್ತೀರಾ ಸಾರ್, ಇಲ್ಲಾ ಅಂದಾಜಿನ ಮೇಲೆ ಇಳಿಸ್ತೀರಾ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮ್ಯಾನೇಜರ್ ನಗಲಿಲ್ಲ. ನಿಜ ಹೇಳುತ್ತೇನೆ, ಹೂಂ ಎನ್ನುವುದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಒಂದು ಸಲ ತಾನೇ? ಟಬ್ಬಿನಲ್ಲಾದರೇನು, ಟಾರ್ಪಾಲಿನಲ್ಲಾದರೇನು, ನಾಳೆ ಇಂಜಿನಿಯರ್ ಆಗುವವಳು ನಾನೇ. ಅಪ್ಪನ ಕಡೆ ನೋಡಿದೆ. ಅವನ ಕೈ ಗಂಟೆಯ ಹಗ್ಗದ ಮೇಲಿತ್ತು. ಕಣ್ಣು ನೆಲದ ಮೇಲಿತ್ತು. ನಾನೂ ನೆಲ ನೋಡಿದೆ. ತಗಡಿನ ಕೆಳಗಿನ ಸಂದಿ ಕಾಣಿಸಿತು. ಅಲ್ಲಿ ಸಾಲಾಗಿ ಹೆಂಗಸರ ಪಾದಗಳು, ಒದ್ದೆಯಾಗಿ ಬಿಳಿಚಿಕೊಂಡ ಬೆರಳುಗಳು. ಒಂದು ಜೊತೆ ಪಾದದ ಪಕ್ಕದಲ್ಲಿ ಮೂಲೆ ತಗ್ಗಾದ ಡಬ್ಬಿ.

ಎರಡು ಗಂಟೆ ಎಂಬ ಮಾತು ಕೇಳಿದ ಮೇಲೆ ಆ ಪಾದಗಳು ನಡುಗುತ್ತಿದ್ದವು.

ನನ್ನ ನಗು ಅಲ್ಲೇ ನಿಂತಿತು. ಗಂಡಸರ ಸಾಲಿಗೆ ಬೆನ್ನು ಹಾಕಿ ಗೋಣಿಬಟ್ಟೆ ಕಿತ್ತು ಕೆಳಗೆ ಹಾಕಿದೆ.

"ಬೇಡ ಸಾರ್."

"ಏನು ಬೇಡ?"

"ಮೂರು ಹೊಡೆದ್ರೆ ಇಳೀತೀನಿ. ಎರಡಕ್ಕೆ ನಾನಿಲ್ಲ."

"ಹಾಗಾದ್ರೆ ಸೀಟು ಹೋಯ್ತು ಅಂದ್ಕೊಳ್ಳಿ."

"ನಮ್ಮ ಮಾವ ಎರಡರಲ್ಲಿ ಮೇಲೆ ಬಂದ. ನಾನು ಎರಡರಲ್ಲಿ ಕೆಳಗೆ ಹೋಗಲ್ಲ. ನಾನು ಮನುಷ್ಯಳು. ಸಾಮಾನಲ್ಲ. ಮೂರು ಹೊಡೆಸಿ."

ಇಷ್ಟು ವರ್ಷ ಓದಿದ್ದೆಲ್ಲ ಈ ಒಂದು ಮಾತಿಗೆ ಹೋಯಿತು ಎಂದುಕೊಂಡೆ. ಮ್ಯಾನೇಜರ್ ಮೇಷ್ಟರ ಕಡೆ ತಿರುಗಿ, "ನೋಡಿದ್ರಲ್ಲ, ಅವರೇ ಬೇಡ ಅಂದ್ರು" ಎಂದ.

ಆಗ ತಗಡಿನ ಹಿಂದೆ ಡಬ್ಬಿ ನೆಲದಿಂದ ಮೇಲೆದ್ದಿತು. ಅದರ ಹಿಂದೆ ಒಂದು ತಲೆ ಎದ್ದಿತು. ಬುತ್ತಿಯತ್ತೆ ನೆಟ್ಟಗೆ ನಿಂತಿದ್ದಳು. ಸೈರನ್ ಕೂಗಿದ ಮೇಲೆ, ಶಿಫ್ಟಿನ ಇಡೀ ಸಾಲಿನ ಎದುರು.

"ಏನು ಹೇಳಿದ್ರಿ ನೀವು, ಇನ್ನೊಂದ್ ಸಲ ಹೇಳಿ" ಎಂದಳು ಮ್ಯಾನೇಜರ್‌ಗೆ. "ನಮ್ಮ ಮಗು ಏನು?"

ಆಮೇಲೆ ನಡೆದದ್ದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ.

ಗಂಡಸರು ಕಣ್ಣು ಮುಚ್ಚಿಕೊಂಡರು. ಎಲ್ಲರೂ, ಒಟ್ಟಿಗೆ. ಮುಖ ಕಂಡರೆ ಮನೆಗೆ ಹೋಗಬೇಕು, ಕೂಲಿ ಹೋಗುತ್ತದೆ. ಕಾಣದಿದ್ದರೆ ಏನೂ ಇಲ್ಲ. ಆದ್ದರಿಂದ ಬಂಡೆ ಕೊರೆಯುವ ಗಂಡಸರು, ಸಿಡಿಮದ್ದು ಇಡುವ ಗಂಡಸರು, ಕತ್ತಲೆಗೆ ಹೆದರದವರು, ಸಾಲಾಗಿ ನಿಂತು ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಒಬ್ಬ ಊಟದ ಡಬ್ಬಿಯಿಂದ ಮುಖ ಮುಚ್ಚಿಕೊಂಡ. ಇನ್ನೊಬ್ಬ ಹೆಲ್ಮೆಟ್ಟನ್ನು ಮೂಗಿನವರೆಗೆ ಎಳೆದುಕೊಂಡ. ಒಬ್ಬನ ಮೊಣಕೈ ಮತ್ತೊಬ್ಬನ ಪಕ್ಕೆಗೆ ತಾಗಿತು. "ಯಾವನೋ ಅವನು" ಎಂದು ಬೈಗುಳ.

ಅತ್ತೆ ತಗಡನ್ನು ಕೈಯಿಂದ ನೂಕಿದಳು. ಅಮ್ಮ ಪಕ್ಕದಲ್ಲಿ ಎದ್ದು ಹೆಗಲು ಕೊಟ್ಟಳು. ಆಮೇಲೆ ಎಲ್ಲರೂ. ತುಕ್ಕು ಹಿಡಿದ ಮೊಳೆ ಕಿತ್ತುಬಂದು ಇಡೀ ಮರೆ ಮುಂದಕ್ಕೆ ಬಿತ್ತು. ಎಂಥ ಸದ್ದು ಅಂತೀರಿ! ಕಣ್ಣು ಮುಚ್ಚಿದ್ದ ಗಂಡಸರು ಗಣಿಯೇ ಕುಸಿಯಿತು ಎಂದು ಕೂತುಬಿಟ್ಟರು. ಕೂತೂ ಕಣ್ಣು ತೆರೆಯಲಿಲ್ಲ.

ಹೆಂಗಸರು ತಗಡು ತುಳಿದುಕೊಂಡು ಬಂದರು. ಮರಗಟ್ಟಿದ ಕಾಲು, ಕುಂಟುತ್ತ ಬಂದರು. ನಗುತ್ತ ಬಂದರು. ಬಾಯಿಗೆ ಬಟ್ಟೆ ತುರುಕಿಕೊಳ್ಳದೆ ಆ ಜಾಗದಲ್ಲಿ ಅವರು ನಕ್ಕದ್ದು ಅದೇ ಮೊದಲು.

"ಇವನೇ ನೋಡ್ರೇ ಬಾತುಕೋಳಿ! ಬೂಟಿಗಿಂತ ಮುಖವೇ ಪರವಾಗಿಲ್ಲ."

"ಅಯ್ಯೋ, ಎರಡೂ ಎಡಗಾಲು ಅಂದ್ರೆ ನಿನ್ನ ಗಂಡನಾ? ಇಷ್ಟು ದಿನ ಹೇಳಲೇ ಇಲ್ಲ!"

"ಹೇಳಿದ್ರೆ ನೀವು ಬಿಡ್ತಿದ್ರಾ?"

"ಹಿಡೀರಿ! ತಡೀರಿ ಅವರನ್ನ!" ಮ್ಯಾನೇಜರ್ ಕೂಗಿದ. ಬಹುವಚನ ಇನ್ನೂ ಹೋಗಿರಲಿಲ್ಲ.

ಯಾರು ಹಿಡಿಯುತ್ತಾರೆ? ಹಿಡಿಯಬೇಕಾದರೆ ನೋಡಬೇಕು. ನೋಡಿದರೆ ಕೂಲಿ ಹೋಗುತ್ತದೆ. ಒಬ್ಬ ನಿಷ್ಠಾವಂತ ಕಣ್ಣು ಮುಚ್ಚಿಯೇ ಕೈ ಚಾಚಿಕೊಂಡು ಬಂದು ಕಾಲೇಜಿನ ಮೇಷ್ಟರನ್ನು ತಬ್ಬಿ ಹಿಡಿದ. ಹಿಡಿದೆ ಸಾರ್, ಹಿಡಿದೆ ಎಂದು ಕೂಗಿದ. ನಮ್ಮನ್ನು ನೂರು ವರ್ಷ ಮರೆಗೆ ತಳ್ಳಿದ ಕಟ್ಟಳೆಯೇ ಅಂದು ನಮಗೆ ದಾರಿ ಬಿಟ್ಟುಕೊಟ್ಟಿತು.

ಹೆಂಗಸರು ಕೇಜಿನೊಳಗೆ ತುಂಬಿದರು. ಅತ್ತೆ ಮೊದಲು. ಬಿಡಿಸಿಕೊಂಡು ಬಂದ ಮೇಷ್ಟರನ್ನು ಅಮ್ಮ ಕೈ ಹಿಡಿದು ಒಳಗೆ ಎಳೆದುಕೊಂಡಳು. "ಬನ್ನಿ ಸಾರ್, ನೀವಿಲ್ಲದೆ ಹೆಂಗೆ?" ನಾನು ಕೊನೆಗೆ ಹತ್ತಿದೆ. ಬಾಗಿಲ ಹೊರಗೆ ಅಪ್ಪ. ಅವನ ಕಣ್ಣು ತೆರೆದೇ ಇತ್ತು. ಒಬ್ಬೊಬ್ಬರ ಮುಖವನ್ನೂ ನೋಡಿದ. ಅಕ್ಕನ ಮುಖದ ಮೇಲೆ ಅವನ ಕಣ್ಣು ನಿಂತಿತು. ಬಾಗಿಲು ಹಾಕಿ ಚಿಲಕ ಬಿಗಿದ.

"ಹಗ್ಗ ಮುಟ್ಟಿದ್ರೆ ನಾಳೆಯಿಂದ ನಿಮಗೆ ಕೆಲಸ ಇಲ್ಲ" ಎಂದ ಮ್ಯಾನೇಜರ್.

ಅಪ್ಪ ಕೈ ಪ್ಯಾಂಟಿಗೆ ಒರೆಸಿಕೊಂಡ.

"ನಾಳೆಯಿಂದ ತಾನೇ ಸಾರ್? ಇವತ್ತು ಗಂಟೆ ನಂದು."

ಹೊಡೆದ. ಒಂದು. ಎರಡು. ಎರಡರ ನಂತರ ಅತ್ತೆ ನನ್ನ ಮುಂಗೈಯನ್ನು ಉಗುರು ಊರುವ ಹಾಗೆ ಹಿಡಿದಳು. ಅಪ್ಪ ತನ್ನ ಮೈಯ ಭಾರವನ್ನೆಲ್ಲ ಹಾಕಿ ಮೂರನೆಯದನ್ನು ಎಳೆದ. ಅದು ಇಂಜಿನ್ ಮನೆಗೇನು, ಪೇಟೆಗೂ ಕೇಳಿಸಿರಬೇಕು.

ಕೇಜು ಇಳಿಯಿತು. ನಿಧಾನ. ಮೆತ್ತಗೆ. ಬೆಳಕು ತಲೆಯ ಮೇಲೆ ಚಿಕ್ಕದಾಗುತ್ತ ಹೋಯಿತು. ಬಂಡೆಯ ಗೋಡೆ ಸರಳಿನ ಆಚೆ ಜಾರುತ್ತಿತ್ತು. ಅಮ್ಮ ಸರಳಿನ ನಡುವೆ ಬೆರಳು ತೂರಿಸಿ ಕಲ್ಲು ಮುಟ್ಟಲು ಹೋದಳು. ಕೈ ಹೋಗುತ್ತದೆ, ಹಿಂದಕ್ಕೆ ತಗೊಳ್ಳಮ್ಮಾ ಎಂದೆ. "ಆಯ್ತು ಇಂಜಿನಿಯರಮ್ಮಾ" ಎಂದಳು. ಮೇಷ್ಟರು ಕಣ್ಣು ಮುಚ್ಚಿಕೊಂಡು ಏನೋ ಗೊಣಗುತ್ತಿದ್ದರು. ಅವರು ಮುಚ್ಚಿದ್ದು ನಮ್ಮ ಮುಖಕ್ಕೆ ಹೆದರಿ ಅಲ್ಲ.

ತಳದಲ್ಲಿ ಕೇಜು ಕೂತಿತು. ತಳದ ಗಂಟೆಯವನು ಮುದುಕ. ಬಾಗಿಲು ತೆರೆದು ದೀಪ ಎತ್ತಿದ. ಒಂದರ ಹಿಂದೆ ಒಂದು ಹೆಂಗಸಿನ ಮುಖ. ಅವನ ಬಾಯಿ ತೆರೆದದ್ದು ತೆರೆದೇ ಇತ್ತು. ಓಡಲಿಲ್ಲ, ಕಣ್ಣು ಮುಚ್ಚಿಕೊಳ್ಳಲೂ ಇಲ್ಲ. ಓಡಲು ಮೇಲಕ್ಕಿರುವುದು ಅದೇ ಕೇಜು.

ಚಾವಣಿ ನೋಡಿದೆವು. ಎಲ್ಲರೂ ತಲೆಯೆತ್ತಿ ಕಾದೆವು. ನೀರು ತೊಟ್ಟಿಕ್ಕಿತು. ಬೇರೇನೂ ಬೀಳಲಿಲ್ಲ. ಅಮ್ಮನಿಗೆ ಮೊದಲು ನಗು ಬಂತು. ಆಮೇಲೆ ಎಲ್ಲರಿಗೂ. ಸುರಂಗದ ತುಂಬ ಆ ನಗು ಓಡಾಡಿ ನಮಗೇ ವಾಪಸು ಬಂತು.

"ಆ ಜಾಗ ಎಲ್ಲಿ?" ಅತ್ತೆ ಮುದುಕನನ್ನು ಕೇಳಿದಳು.

ಅವನಿಗೆ ಯಾವ ಜಾಗ ಎಂದು ಕೇಳುವ ಅಗತ್ಯ ಬೀಳಲಿಲ್ಲ. ದೀಪ ಹಿಡಿದು ಮುಂದೆ ನಡೆದ. ಎಡಕ್ಕೆ ತಿರುಗಿದ ಕೂಡಲೇ ಒಂದು ಸುರಂಗದ ಬಾಯನ್ನು ಇಟ್ಟಿಗೆ ಕಟ್ಟಿ ಮುಚ್ಚಿದ್ದರು. ಅತ್ತೆ ಇಟ್ಟಿಗೆಯ ಮೇಲೆ ಅಂಗೈಯಿಟ್ಟಳು. ಆಮೇಲೆ ಅಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತಳು. ಕುಕ್ಕರಗಾಲಲ್ಲಲ್ಲ, ಕಾಲು ಚಾಚಿ. ಡಬ್ಬಿ ತೆರೆದಳು. ಬೇಯಿಸಿದ ಮೊಟ್ಟೆ, ಉಪ್ಪು ಹಾಕಿ ಹುರಿದ ಆಲೂಗಡ್ಡೆ.

"ತಡವಾಯ್ತು ಕಣೋ" ಎಂದಳು ಗೋಡೆಗೆ. ಆಮೇಲೆ ನಮ್ಮ ಕಡೆ ತಿರುಗಿ, "ಬನ್ನಿ, ತಿನ್ನಿ, ಆರಿಹೋಗಿದೆ" ಎಂದಳು.

ಎಲ್ಲರೂ ಚೂರು ಚೂರು ತಿಂದೆವು. ಮುದುಕನಿಗೂ ಕೊಟ್ಟಳು. ಅವನು ಕೈಯಲ್ಲಿ ಹಿಡಿದುಕೊಂಡು ನಿಂತ. "ಅವತ್ತು ಎರಡು ಹೊಡೆದವನು ನಾನೇ ಅಮ್ಮಾ" ಎಂದ. "ಗೊತ್ತು, ತಿನ್ನು" ಎಂದಳು ಅತ್ತೆ.

ನಾನು ಗೋಡೆಯ ಪಕ್ಕದ ಕಂಬಕ್ಕೆ ಕೈ ಹಾಕಿದೆ. ತೊಗಟೆ ಒದ್ದೆಯಾಗಿತ್ತು. ಮುಂದಿನ ಕಂಬ ದೀಪದ ಬೆಳಕು ಮುಗಿಯುವಲ್ಲಿತ್ತು. ನಡುವೆ ನೆಲದಲ್ಲಿ ಒಂದು ಗುಳಿ. ಅಲ್ಲಿಯೂ ಒಂದು ಕಂಬವಿತ್ತು, ಕಿತ್ತಿದ್ದರು. ಗುಳಿಯ ಮಣ್ಣು ಇನ್ನೂ ಹಸಿ.

"ಮೇಷ್ಟ್ರೇ, ಕಣ್ಣು ಬಿಡಿ. ಇದನ್ನ ನೋಡಿ" ಎಂದೆ.

ಅವರು ಕಣ್ಣು ಬಿಟ್ಟರು. ಗುಳಿ ನೋಡಿದರು, ಚಾವಣಿ ನೋಡಿದರು, ಬಿಳಿಚಿಕೊಂಡರು. ಅಷ್ಟು ಓದಿದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. "ನೀನು ಇಳಿದಿದ್ದನ್ನ ನಾನು ನೋಡಿದೀನಮ್ಮಾ" ಎಂದರು. "ಸೀಟು ನಿಂದು. ಇದನ್ನೂ ನೋಡಿದೀನಿ. ಮೇಲೆ ಹೋಗಿ ಎರಡೂ ಹೇಳ್ತೀನಿ. ಈಗ ದಯವಿಟ್ಟು ಮೇಲೆ ಹೋಗೋಣ."

ಮತ್ತೆ ಕೇಜಿಗೆ ತುಂಬಿಕೊಂಡೆವು. ನಾಳೆ ಅಪ್ಪನಿಗೆ ಕೆಲಸವಿಲ್ಲ. ಅಮ್ಮನಿಗೂ ಇರಲಿಕ್ಕಿಲ್ಲ. ಅದು ಎಲ್ಲರಿಗೂ ನೆನಪಿತ್ತು. ಆದರೂ ಯಾರೋ ನನ್ನ ಹೆಲ್ಮೆಟ್ಟಿನ ಮೇಲೆ ಕುಟ್ಟಿದರು, ಯಾರೋ ಇನ್ನೂ ಬಿಕ್ಕಿ ಬಿಕ್ಕಿ ನಗುತ್ತಿದ್ದರು. ಮುದುಕ ಬಾಗಿಲು ಹಾಕಿ ಹಗ್ಗ ಹಿಡಿದ. ಹಿಡಿದವನು ಹಾಗೇ ನಿಂತ. ಅಷ್ಟು ವರ್ಷದ ಕೆಲಸದಲ್ಲಿ ಹೆಂಗಸರಿಗೆ ಎಷ್ಟು ಹೊಡೆಯಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಎಷ್ಟು ಹೊಡೀಲಿ?" ಎಂದು ಕೇಳಿದ.

ಬುತ್ತಿಯತ್ತೆ ಖಾಲಿ ಡಬ್ಬಿಯ ಮುಚ್ಚಳ ಹಾಕಿದಳು.

"ಮೂರು ಹೊಡಿ. ಎಲ್ಲರೂ ಬದುಕಿದೀವಿ."